ಎರಡು ವಾರದ ಹಟ, ಮೂವತ್ತೆರಡು ವರ್ಷದ ಆಯುಸ್ಸು

ಆ ಟೀ ಶರ್ಟನ್ನು ಆಕೆ ನನ್ನ ಕೈಗೆ ಕೊಡಲೇ ಇಲ್ಲ. ತೊಡೆಯ ಮೇಲೆ ಹರಡಿಕೊಂಡು, ಬೇಕಿದ್ದರೆ ಓದಿಕೊಳ್ಳಿ ಎಂಬಂತೆ ಕೊಂಚ ನನ್ನ ಕಡೆಗೆ ತಿರುಗಿಸಿದರು. ಒಗೆದೂ ಒಗೆದೂ ಬಣ್ಣಗೆಟ್ಟ ಬಟ್ಟೆ. ಅಕ್ಷರಗಳು ಮಾತ್ರ ಇನ್ನೂ ದಪ್ಪಗೇ ಇವೆ: 'ಬೆಟರ್ ಡೆಡ್ ದ್ಯಾನ್ ಕೋ-ಎಡ್'. ಗಂಡುಹುಡುಗರನ್ನು ಸೇರಿಸಿಕೊಳ್ಳುವುದಕ್ಕಿಂತ ಕಾಲೇಜು ಸಾಯುವುದೇ ವಾಸಿಯಂತೆ! ಇಪ್ಪತ್ತರ ಹರೆಯದವರಷ್ಟೇ ಬರೆಯಬಲ್ಲ ಘೋಷಣೆ. ಅದನ್ನು ತೊಟ್ಟು ಆಡಳಿತ ಕಟ್ಟಡದ ಬಾಗಿಲಿಗೆ ಅಡ್ಡ ಕೂತಿದ್ದ ಹುಡುಗಿಗೆ ಈಗ ಐವತ್ತು ದಾಟಿದೆ. ಫ್ರೀಮಾಂಟಿನಲ್ಲಿರುವ ನನ್ನ ಅಕ್ಕನ ಮಗಳ ಸಹೋದ್ಯೋಗಿ. ಓಕ್‌ಲ್ಯಾಂಡಿನ ಮಿಲ್ಸ್ ಕಾಲೇಜನ್ನು ನೋಡಲೇಬೇಕೆಂದು ನಾನು ದುಂಬಾಲು ಬಿದ್ದಾಗ, ತೋರಿಸುತ್ತೇನೆ ಎಂದು ಬಂದವರು ಚೀಲದಲ್ಲಿ ಇದನ್ನೂ ಇಟ್ಟುಕೊಂಡಿದ್ದರು.

ಮಿಲ್ಸ್ ಕಾಲೇಜು ಎಂದು ಈಗ ಕರೆಯುವುದು ರೂಢಿಗಷ್ಟೇ. ಈ ಜಾಗ ಬಾಸ್ಟನ್ ಮೂಲದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ್ದು. ನೀಲಗಿರಿ ಮರಗಳ ಕೆಳಗೆ ಹುಡುಗರೂ ಹುಡುಗಿಯರೂ ಲ್ಯಾಪ್‌ಟಾಪ್ ಬಿಡಿಸಿಕೊಂಡು ಕೂತಿದ್ದರು. ಆಕೆ ಅವರನ್ನು ಸಿಟ್ಟಿನಿಂದ ನೋಡುತ್ತಾರೇನೋ ಎಂದು ನಾನು ಗಮನಿಸುತ್ತಲೇ ಇದ್ದೆ. ಒಬ್ಬ ಹುಡುಗ ದಾರಿ ಕೇಳಿದ. ಸರಿಯಾಗಿಯೇ ಹೇಳಿ ಕಳಿಸಿದರು.

1852ರಲ್ಲಿ ಬೆನಿಷಿಯಾ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಸೆಮಿನರಿಯಾಗಿ ಶುರುವಾದ ಸಂಸ್ಥೆ ಇದು. 1865ರಲ್ಲಿ ಅದನ್ನು ಕೊಂಡ ಸೈರಸ್ ಮತ್ತು ಸೂಸನ್ ಮಿಲ್ಸ್ ದಂಪತಿ ಅದಕ್ಕೂ ಮೊದಲು ಸಿಲೋನಿನ ಜಾಫ್ನಾದಲ್ಲಿ, ಆಮೇಲೆ ಹವಾಯಿಯಲ್ಲಿ ಪಾಠ ಹೇಳಿ ಬಂದವರು. 1871ರಲ್ಲಿ ಓಕ್‌ಲ್ಯಾಂಡಿಗೆ ಸ್ಥಳಾಂತರ, 1885ರಲ್ಲಿ ಕಾಲೇಜಿನ ಪಟ್ಟ. ಅಮೆರಿಕದಲ್ಲಿ 1960ರ ಹೊತ್ತಿಗೆ ಮಹಿಳಾ ಕಾಲೇಜುಗಳು ಇನ್ನೂರರ ಮೇಲಿದ್ದವು. 1969ರಲ್ಲಿ ಯೇಲ್, ಪ್ರಿನ್ಸ್‌ಟನ್‌ಗಳು ಹುಡುಗಿಯರಿಗೆ ಬಾಗಿಲು ತೆರೆದವು, ಅದೇ ವರ್ಷ ವಾಸರ್ ಕಾಲೇಜು ಹುಡುಗರಿಗೆ ತೆರೆಯಿತು. ಅಲ್ಲಿಂದ ಮಹಿಳಾ ಕಾಲೇಜುಗಳು ಒಂದೊಂದಾಗಿ ಮುಚ್ಚಿದವು, ಇಲ್ಲವೇ ಸಹಶಿಕ್ಷಣಕ್ಕೆ ಹೊರಳಿದವು. ಈಗ ಉಳಿದಿರುವುದು ಮೂವತ್ತರ ಆಸುಪಾಸು.

ಮಿಲ್ಸ್‌ನ ಸರದಿ ಬಂದದ್ದು 1990ರ ಮೇ 3ರಂದು. ಪದವಿ ತರಗತಿಗಳಲ್ಲಿ ಎಂಟುನೂರು ವಿದ್ಯಾರ್ಥಿನಿಯರೂ ಇರಲಿಲ್ಲ. ಕಾಲೇಜು ನಡೆಯಬೇಕಾದರೆ ಸಾವಿರವಾದರೂ ಬೇಕು, ಆದ್ದರಿಂದ ಹುಡುಗರನ್ನು ಸೇರಿಸಿಕೊಳ್ಳುತ್ತೇವೆ ಎಂದು ಟ್ರಸ್ಟಿಗಳು ತೀರ್ಮಾನ ಪ್ರಕಟಿಸಿದರು. ಹುಡುಗಿಯರು ಹೋ ಎಂದು ಅತ್ತರು. ಆಮೇಲೆ ಕಟ್ಟಡಗಳ ಬಾಗಿಲಲ್ಲಿ ಅಡ್ಡ ಕೂತರು, ಕ್ಲಾಸು ನಿಂತಿತು, ಕೆಲವರು ತಲೆ ಬೋಳಿಸಿಕೊಂಡರು. ಟಿವಿಯವರಿಗೆ ಹಬ್ಬ.

ಕ್ಯಾಮೆರಾಕ್ಕೆ ಅಷ್ಟಾಗಿ ಕಾಣದ ಕೆಲಸ ಮಾಡಿದವರು ಹಳೆಯ ವಿದ್ಯಾರ್ಥಿನಿಯರು. ನಲವತ್ತು ವರ್ಷದ ಹಿಂದೆ ಪದವಿ ಪಡೆದ ಅಜ್ಜಿಯರು ಕೂಡ ಫೋನಿನ ಮುಂದೆ ಕೂತರು, ಎರಡೇ ವಾರದಲ್ಲಿ ಮೂವತ್ತು ಲಕ್ಷ ಡಾಲರಿಗೂ ಮೀರಿದ ದೇಣಿಗೆಯ ವಾಗ್ದಾನ ಒಟ್ಟುಗೂಡಿತು. ಅಧ್ಯಾಪಕರು ಹೆಚ್ಚುವರಿ ಪಾಠದ ಹೊರೆ ಹೊರಲು ಒಪ್ಪಿದರು. ಮೇ 18ರಂದು ಟ್ರಸ್ಟಿನ ಅಧ್ಯಕ್ಷ ವಾರನ್ ಹೆಲ್ಮನ್ ಜನರೆದುರು ಬ್ಯಾನರು ಬಿಡಿಸಿದರು: 'ಮಿಲ್ಸ್. ಮಹಿಳೆಯರಿಗಾಗಿ. ಮತ್ತೆ.' ಹಣಕಾಸು ಜಗತ್ತಿನ ಈ ಮನುಷ್ಯ ಬ್ಯಾಂಜೊ ಹುಚ್ಚಿನವರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ವಂತ ದುಡ್ಡಿನಲ್ಲಿ ಉಚಿತ ಸಂಗೀತೋತ್ಸವ ನಡೆಸಿದರು. ಸೋತು ಬ್ಯಾನರು ಹಿಡಿಯುವ ಇಂಥ ಅಧ್ಯಕ್ಷರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ನಾವು ಕೂತಿದ್ದದ್ದು ಎಲ್ ಕ್ಯಾಂಪನಿಲ್ ಎಂಬ ಗಂಟೆಗೋಪುರದ ಎದುರು. ಇದರ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಅಲ್ಲಿ ತೂಗುತ್ತಿರುವ ಹತ್ತು ಗಂಟೆಗಳನ್ನು ಎರಕ ಹೊಯ್ದದ್ದು 1893ರ ಷಿಕಾಗೊ ವಿಶ್ವ ಮೇಳಕ್ಕೆ. ಹೌದು, ಯಾವ ಮೇಳದ ಅಂಗವಾಗಿ ಸರ್ವಧರ್ಮ ಸಮ್ಮೇಳನ ನಡೆದು ವಿವೇಕಾನಂದರು ಮಾತಾಡಿದರೋ ಅದೇ ಮೇಳ. ಅವನ್ನು ಮಿಲ್ಸ್‌ಗೆ ದಾನ ಕೊಟ್ಟ ಡೇವಿಡ್ ಹ್ಯೂಸ್, 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸಿದ ರೈಲುಹಳಿಗೆ ಚಿನ್ನದ ಮೊಳೆ ಮಾಡಿಸಿ ಕೊಟ್ಟ ಆಸಾಮಿಯೂ ಹೌದು. ಗಂಟೆ ಬಂತು, ತೂಗುಹಾಕಲು ಗೋಪುರ ಬೇಕಲ್ಲ? ಆ ಕೆಲಸ ಜೂಲಿಯಾ ಮಾರ್ಗನ್ ಎಂಬ, ಆಗಷ್ಟೇ ಪ್ಯಾರಿಸ್ಸಿನಿಂದ ಮರಳಿದ್ದ ತರುಣಿಗೆ ಸಿಕ್ಕಿತು. ಪ್ಯಾರಿಸ್ಸಿನ ಹೆಸರಾಂತ ಕಲಾಶಾಲೆ ಎಕೋಲ್ ದೆ ಬೋಜಾರ್‌ನ ವಾಸ್ತುಶಿಲ್ಪ ವಿಭಾಗಕ್ಕೆ ಪ್ರವೇಶ ಪಡೆದ ಮೊದಲ ಹೆಣ್ಣು ಆಕೆ. 1904ರಲ್ಲಿ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ ಗೋಪುರ ಎಬ್ಬಿಸಿದರು. ಅಂಥ ಕಾಂಕ್ರೀಟಿನ ಮೇಲೆ ಆಗ ಜನಕ್ಕೆ ನಂಬಿಕೆ ಇನ್ನೂ ಕುದುರಿರಲಿಲ್ಲ. 1906ರ ಮಹಾ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೊವನ್ನು ನೆಲಸಮ ಮಾಡಿತು, ಮಾರ್ಗನ್ ಗೋಪುರ ಮಿಸುಕಲಿಲ್ಲ. ಆ ಹೆಸರಿನ ಬಲದಿಂದಲೇ ಫೇರ್‌ಮಾಂಟ್ ಹೋಟೆಲನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಆಕೆಯ ಪಾಲಿಗೆ ಬಂತು.

ಆದರೆ ಈ ಜೂಲಿಯಾ ಮಾರ್ಗನ್ ಓದಿದ್ದು ಎಲ್ಲಿ? ಪಕ್ಕದ ಬರ್ಕ್ಲಿಯಲ್ಲಿ, ಗಂಡುಹುಡುಗರ ನಡುವೆ, ಸಿವಿಲ್ ಎಂಜಿನಿಯರಿಂಗ್! ಮಹಿಳಾ ಕಾಲೇಜಿನ ಗುರುತಾಗಿ ನಿಂತ ಗೋಪುರವೇ ಸಹಶಿಕ್ಷಣದ ಪರವಾಗಿ ಸಾಕ್ಷಿ ನುಡಿಯುತ್ತಿದೆಯಲ್ಲ ಎಂದು ಕೆಣಕಿದೆ. ಆಕೆ ನಕ್ಕರು. ಓದಿದ್ದು ಬರ್ಕ್ಲಿಯಲ್ಲಿ ಇರಬಹುದು, ನಂಬಿ ಮೊದಮೊದಲ ಕೆಲಸಗಳನ್ನು ಕೊಟ್ಟವರು ಯಾರು ಎಂದು ತಿರುಗಿ ಕೇಳಿದರು. ಆಗ ಮಿಲ್ಸ್‌ನ ಅಧ್ಯಕ್ಷೆ ಸೂಸನ್ ಮಿಲ್ಸ್. ನಾನು ಸುಮ್ಮನಾದೆ.

ಇನ್ನೊಂದು ಕೊಂಕು ನನ್ನಲ್ಲಿ ಉಳಿದಿತ್ತು. ಮಿಲ್ಸ್‌ನ ಸ್ನಾತಕೋತ್ತರ ತರಗತಿಗಳಲ್ಲಿ ಗಂಡಸರು ಎಂದಿನಿಂದಲೋ ಇದ್ದರು. ಜಾಝ್ ದಿಗ್ಗಜ ಡೇವ್ ಬ್ರೂಬೆಕ್ ಇಲ್ಲಿ ಫ್ರೆಂಚ್ ಸಂಯೋಜಕ ದಾರಿಯೂಸ್ ಮಿಯೋ ಬಳಿ ಕಲಿತವರು. ನಮಗೆ ಇನ್ನೂ ಹತ್ತಿರದ ಹೆಸರು ಪಂಡಿತ್ ಪ್ರಾಣನಾಥ್. ಎಪ್ಪತ್ತರ ದಶಕದಲ್ಲಿ ಇಲ್ಲಿ ಹಿಂದೂಸ್ತಾನಿ ಕಲಿಸಿದ ಅವರು ಅಬ್ದುಲ್ ವಹೀದ್ ಖಾನರ ಶಿಷ್ಯ. ಅಂದರೆ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ, ಭೀಮಸೇನ ಜೋಶಿಯವರಿಗೆ ಇಳಿದ ಕಿರಾನಾ ಘರಾಣೆಯೇ. ಧಾರವಾಡದ ಕಡೆಯವರು ಈ ಆವರಣಕ್ಕೆ ಬಂದರೆ ಪರಸ್ಥಳ ಅನ್ನಿಸಬಾರದು. ಹಾಗಿದ್ದರೆ ಪದವಿ ತರಗತಿಗೆ ಮಾತ್ರ ಏಕೆ ಈ ಬೇಲಿ? ಹದಿನೆಂಟರ ಹುಡುಗಿಗೂ ಇಪ್ಪತ್ತೈದರ ಹೆಂಗಸಿಗೂ ವ್ಯತ್ಯಾಸವಿದೆ ಎಂದರು ಆಕೆ. ಗಂಡುಮಕ್ಕಳಿದ್ದ ಹೈಸ್ಕೂಲಿನಲ್ಲಿ ಕೈ ಎತ್ತದೆ ಕೂತಿದ್ದವಳು ಇಲ್ಲಿಗೆ ಬಂದ ಮೇಲೆ ಮಾತು ಕಲಿತೆ ಎಂಬುದು ಅವರ ಅನುಭವ. ಅದನ್ನು ಅಂಕಿಅಂಶದಿಂದ ಅಲ್ಲಗಳೆಯುವ ಧೈರ್ಯ ನನಗಿಲ್ಲ.

ಅಂಕಿಅಂಶ ಬೇರೆ ಕಡೆ ಕಾದು ಕೂತಿತ್ತು. 1990ರ ದೇಣಿಗೆ ಮದುವೆಮನೆಯ ಮುಯ್ಯಿಯ ಹಾಗೆ; ಸಂಭ್ರಮದಲ್ಲಿ ಎಲ್ಲರೂ ಬರೆಸುತ್ತಾರೆ, ಪ್ರತಿ ವರ್ಷ ಅದೇ ಕೈ ಅದೇ ಉದಾರತೆಯಿಂದ ಬಿಚ್ಚುವುದಿಲ್ಲ. ವಿದ್ಯಾರ್ಥಿನಿಯರ ಸಂಖ್ಯೆ ಟ್ರಸ್ಟಿಗಳು ಹೇಳಿದ ಸಾವಿರದಲ್ಲಿ ನೆಲೆ ನಿಲ್ಲಲಿಲ್ಲ. 2020ರ ಹೊತ್ತಿಗೆ ಆರುನೂರರ ಸುತ್ತಮುತ್ತ ಇತ್ತು. 2021ರ ಮಾರ್ಚ್‌ನಲ್ಲಿ ಕಾಲೇಜು ಹೊಸ ಪ್ರವೇಶ ನಿಲ್ಲಿಸುವುದಾಗಿ ಹೇಳಿತು, ಆಮೇಲೆ ನಾರ್ತ್‌ಈಸ್ಟರ್ನ್ ಜತೆ ವಿಲೀನದ ಮಾತು ಬಂತು. ಈ ಸಲವೂ ಹಳೆಯ ವಿದ್ಯಾರ್ಥಿನಿಯರು ಎದ್ದರು, ಆದರೆ ಈ ಸಲ ಕೋರ್ಟಿಗೆ ಹೋಗಬೇಕಾಯಿತು: ಲೆಕ್ಕಪತ್ರ ತೋರಿಸಿ ಎಂಬುದು ಮುಖ್ಯ ಬೇಡಿಕೆ. ನ್ಯಾಯಾಧೀಶರು ಕೆಲಕಾಲ ತಡೆ ಕೊಟ್ಟು, ಸೆಪ್ಟೆಂಬರಿನಲ್ಲಿ ತೆರವು ಮಾಡಿದರು. ಟ್ರಸ್ಟಿಗಳು ಕೂಡಲೇ ಮತ ಹಾಕಿದರು. 2022ರ ಬೇಸಿಗೆಯಲ್ಲಿ ವಿಲೀನ ಮುಗಿಯಿತು.

ನನಗೆ ಇಲ್ಲಿ ಕಾಣುವುದು ಹುಡುಗರ ಮೇಲಿನ ಜಗಳಕ್ಕಿಂತ ಕಾಲೇಜಿನ ಯಜಮಾನಿಕೆಯ ಜಗಳ. ಮೊದಲ ಸಲ ಹಳಬರು ದುಡ್ಡು ತಂದರು, ಟ್ರಸ್ಟಿಗಳು ಮಣಿದರು. ಎರಡನೆಯ ಸಲ ಲೆಕ್ಕ ನೋಡಲೂ ವಕೀಲರು ಬೇಕಾದರು. ದೇಣಿಗೆ ಕೇಳುವಾಗ ಮನೆಮಗಳು, ಮನೆ ಮಾರುವಾಗ ಹೊರಗಿನವಳು.

ಬೇರೆಡೆಯ ಹೋರಾಟಗಳಲ್ಲೂ ಗೆದ್ದವರು ಕಡಿಮೆ. ವರ್ಜೀನಿಯಾದ ರಾಂಡಾಲ್ಫ್-ಮೇಕನ್ ಮಹಿಳಾ ಕಾಲೇಜು 2006ರಲ್ಲಿ ಸಹಶಿಕ್ಷಣಕ್ಕೆ ಹೊರಳಲು ತೀರ್ಮಾನಿಸಿದಾಗ ಹಳೆಯ ವಿದ್ಯಾರ್ಥಿನಿಯರು ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರಲ್ಲಿ ಸೋತರು. ಅದೇ ರಾಜ್ಯದ ಸ್ವೀಟ್ ಬ್ರಯರ್ ಕಾಲೇಜನ್ನು 2015ರಲ್ಲಿ ಮುಚ್ಚಲು ಹೊರಟವರನ್ನು ಮಾತ್ರ ಹಳಬರು ಕೆಲವೇ ತಿಂಗಳಲ್ಲಿ ದುಡ್ಡು ಮತ್ತು ದಾವೆ ಎರಡರಿಂದಲೂ ಮಣಿಸಿದರು. ಅದು ಇಂದಿಗೂ ಮಹಿಳಾ ಕಾಲೇಜು.

ಆದರೆ ಮಹಿಳೆ ಎಂದರೆ ಯಾರು ಎಂಬ ಪ್ರಶ್ನೆ ಈಗ ಅಲ್ಲಿಯೇ ಎದ್ದಿದೆ. ಮಿಲ್ಸ್ 2014ರಲ್ಲೇ, ಅಮೆರಿಕದ ಮಹಿಳಾ ಕಾಲೇಜುಗಳಲ್ಲಿ ಎಲ್ಲರಿಗಿಂತ ಮೊದಲು, ಟ್ರಾನ್ಸ್ ವಿದ್ಯಾರ್ಥಿನಿಯರ ಪ್ರವೇಶಕ್ಕೆ ಲಿಖಿತ ನೀತಿ ಮಾಡಿತ್ತು. ಸ್ವೀಟ್ ಬ್ರಯರ್ 2024ರಲ್ಲಿ ಅದಕ್ಕೆ ತದ್ವಿರುದ್ಧ ನಿಯಮ ತಂದಿತು. 1900ರಲ್ಲಿ ತೀರಿಕೊಂಡ ಸ್ಥಾಪಕಿ ಇಂಡಿಯಾನಾ ಫ್ಲೆಚರ್ ವಿಲಿಯಮ್ಸ್ ಅವರ ಉಯಿಲಿನಲ್ಲಿರುವ ಹೆಣ್ಣುಮಕ್ಕಳು ಎಂಬ ಮಾತನ್ನು ಆ ಕಾಲದ ಅರ್ಥದಲ್ಲೇ ಓದಬೇಕು ಎಂಬುದು ಕಾಲೇಜಿನ ವಾದ. ಇದನ್ನು ವಿರೋಧಿಸಿ ನಿಂತವರಲ್ಲಿ ಆ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರೂ ಇದ್ದಾರೆ.