ನೀರೊಳಗಿನ ತೋಟಕ್ಕೆ ಇಂಗಾಲಾಮ್ಲದ ಉಣಿಸು

ಗಾಜಿನ ತೊಟ್ಟಿಯಲ್ಲಿ ಮೀನುಗಳೊಡನೆ ಜಲಸಸ್ಯಗಳನ್ನೂ ಬೆಳೆಸಹೊರಟವರು ದೀಪಕ್ಕೂ ಗೊಬ್ಬರಕ್ಕೂ ಧಾರಾಳವಾಗಿ ವೆಚ್ಚಮಾಡಿ, ಕೆಲವು ವಾರಗಳಲ್ಲೇ ಎಲೆಗಳಿಗೆ ಪಾಚಿ ಹತ್ತಿ ಗಿಡಗಳು ಸೊರಗುವುದನ್ನು ಕಂಡು ಕೈಚೆಲ್ಲುವುದುಂಟು. ಅನೇಕ ಸಂದರ್ಭಗಳಲ್ಲಿ ಅಲ್ಲಿರುವ ಕೊರತೆ ಇಂಗಾಲದ್ದು. ಸಸ್ಯದ ಒಣತೂಕದಲ್ಲಿ ಹೆಚ್ಚುಕಡಮೆ ಶೇಕಡಾ 40ರಷ್ಟು ಇಂಗಾಲವೇ ಇರುವುದಾದರೂ, ಗಾಳಿಯೊಡನೆ ಸಮತೋಲ ಹೊಂದಿ ನಿಂತ ಒಂದು ಲೀಟರು ನೀರಿನಲ್ಲಿ ಇಂಗಾಲಾಮ್ಲ ವಾಯು ಒಂದು ಮಿಲಿಗ್ರಾಮಿನಷ್ಟೂ ಇರುವುದಿಲ್ಲ. ಇರುವ ಅಲ್ಪವೂ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡಿ ಎಲೆಯನ್ನು ಮುಟ್ಟಬೇಕು.

ನೀರಲ್ಲಿ ಮುಳುಗಿದ ಎಲೆ ಬಿಸಿಲಿನಲ್ಲಿ ಗುಳ್ಳೆಗಳನ್ನು ಬಿಡುತ್ತದೆ, ಕತ್ತಲಲ್ಲಿ ಬಿಡುವುದಿಲ್ಲ ಎಂಬುದನ್ನು ಇಂಗೆನ್‌ಹೌಸ್ ಎಂಬ ಡಚ್ ವೈದ್ಯನು 1779ರಲ್ಲಿ ಇಂಗ್ಲೆಂಡಿನಲ್ಲಿ ತೋರಿಸಿದನು. ಆ ಗುಳ್ಳೆಗಳಿಗೆ ನೀರಿನಲ್ಲಿ ಕರಗಿದ ಇಂಗಾಲಾಮ್ಲವೇ ಆಧಾರವೆಂಬುದನ್ನು ಜಿನೀವಾದ ಸೆನೆಬಿಯೆ ಸ್ವಲ್ಪ ಕಾಲದಲ್ಲೇ ಕಂಡುಕೊಂಡನು. ನಮ್ಮ ಶಾಲೆಗಳಲ್ಲಿ ಆಲಿಕೆಯ ಕೆಳಗೆ ಹೈಡ್ರಿಲಾ ಇಟ್ಟು, ಚಿಟಿಕೆ ಅಡಿಗೆ ಸೋಡಾ ಬೆರೆಸಿ ಮಾಡುವ ಪ್ರಯೋಗವೂ ಇದೇ ಪರಂಪರೆಯದು. ಹೈಡ್ರಿಲಾದಂಥ ಗಟ್ಟಿ ಜೀವಿಗಳು ಬೈಕಾರ್ಬನೇಟನ್ನೇ ಒಡೆದು ಇಂಗಾಲ ಪಡೆಯಬಲ್ಲವು. ಪಶ್ಚಿಮಘಟ್ಟದ ಜೌಗಿನಿಂದ ಜಗತ್ತಿನ ತೊಟ್ಟಿಗಳಿಗೆ ಹೋದ ಕೆಂಪೆಲೆಯ ರೋಟಾಲಾ ಮ್ಯಾಕ್ರಾಂಡ್ರದಂಥ ಸುಕುಮಾರಿಗಳಿಗಾದರೋ ಕರಗಿದ ಇಂಗಾಲಾಮ್ಲವೇ ಸಮೃದ್ಧವಾಗಿ ಬೇಕು. ಕಾಡಿನ ಮಣ್ಣಿನಲ್ಲಿ ಕೊಳೆಯುವ ಎಲೆಗಳ ಇಂಗಾಲಾಮ್ಲವನ್ನು ಹೊತ್ತು ಬರುವ ತೊರೆಯ ನೀರು ಒದಗಿಸುವುದನ್ನು ತೊಟ್ಟಿಯಲ್ಲಿ ಇಂಗಾಲಾಮ್ಲದ ಸಿಲಿಂಡರು ಒದಗಿಸಬೇಕಾಗುತ್ತದೆ.

ಸಿಲಿಂಡರಿನೊಳಗಿರುವುದು ಬಹುಪಾಲು ದ್ರವ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 57 ಪಟ್ಟು. 30 ಡಿಗ್ರಿಗೆ 70ನ್ನು ಮೀರುವುದು. 31 ಡಿಗ್ರಿಯ ಆಚೆಗೆ ಒಳಗೆ ದ್ರವವೆಂಬುದೇ ಉಳಿಯುವುದಿಲ್ಲ. ಆದಕಾರಣ ಅದನ್ನು ಬಿಸಿಲು ತಾಗುವ ಕಿಟಕಿಯ ಬಳಿ ಇಡಲಾಗದು. ದ್ರವ ರೆಗ್ಯುಲೇಟರಿಗೆ ನುಗ್ಗದಂತೆ ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಬೇಕು. ಈ ಪ್ರಚಂಡ ಒತ್ತಡವನ್ನು ರೆಗ್ಯುಲೇಟರು ಒಂದೆರಡು ಪಟ್ಟಿಗೆ ಇಳಿಸಿದರೆ, ಸೂಜಿಯ ಮೊನೆಯಂಥ ಕಡ್ಡಿಯುಳ್ಳ ನೀಡಲ್ ವಾಲ್ವು ಅದನ್ನು ಬಿಡಿಬಿಡಿ ಗುಳ್ಳೆಗಳಾಗಿ ಹೊರಬಿಡುತ್ತದೆ. ಜೋಡಣೆಯಾದ ಮೇಲೆ ಪ್ರತಿ ಸಂದಿಗೂ ಸಾಬೂನಿನ ನೀರು ಸವರಿ ನೊರೆಯೇಳುವುದೇ ಎಂದು ನೋಡದೆ ಮುಂದುವರಿಯಕೂಡದು. ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಯಂತ್ರವನ್ನು ಕೆಡಿಸದಂತೆ ಒಂದು ಚೆಕ್ ವಾಲ್ವು, ದೀಪ ಹೊತ್ತುವ ಒಂದೆರಡು ಗಂಟೆ ಮೊದಲೇ ಅನಿಲವನ್ನು ಬಿಟ್ಟು ರಾತ್ರಿ ನಿಲ್ಲಿಸಲು ಟೈಮರಿಗೆ ಕಟ್ಟಿದ ಸೊಲೆನಾಯ್ಡು, ಗುಳ್ಳೆಗಳನ್ನು ಮಂಜಿನಂತೆ ಒಡೆಯಲು ಸೆರಾಮಿಕ್ ಬಿಲ್ಲೆ ಇವಿಷ್ಟು ಸೇರಿದರೆ ಸಲಕರಣೆ ಪೂರ್ಣ.

ಸೆಕೆಂಡಿಗೆ ಎಷ್ಟು ಗುಳ್ಳೆ ಎಂದು ಹವ್ಯಾಸಿಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಕಾಲಕ್ಷೇಪ. ಗುಳ್ಳೆಯ ಗಾತ್ರವೂ ತೊಟ್ಟಿಯ ಗಾತ್ರವೂ ಮನೆಮನೆಗೆ ಬೇರೆ. ಕೇಳಬೇಕಾದದ್ದು ಡ್ರಾಪ್ ಚೆಕರನ್ನು. ಗಾಜಿನ ಆ ಪುಟ್ಟ ಬುರುಡೆಯಲ್ಲಿ ಗಡಸುತನ ಗೊತ್ತಿರುವ ನೀರೂ ಬ್ರೋಮೋಥೈಮಾಲ್ ಬ್ಲೂ ಎಂಬ ವರ್ಣದ್ರವ್ಯವೂ ಇರುತ್ತವೆ. ತೊಟ್ಟಿಯ ನೀರು ಅದನ್ನು ಸೇರದು, ನಡುವಣ ಗಾಳಿಯ ಅಂತರವನ್ನು ದಾಟಿ ಅನಿಲ ಮಾತ್ರ ಸೇರುವುದು. ನೀಲಿಯಾದರೆ ಅನಿಲ ಸಾಲದು, ಹಳದಿಯಾದರೆ ಅತಿಯಾಯಿತು. ಹಸುರು ಎಂದರೆ ಲೀಟರಿಗೆ ಸುಮಾರು 30 ಮಿಲಿಗ್ರಾಮು. ಬಣ್ಣ ತಿರುಗಲು ಒಂದೆರಡು ಗಂಟೆ ಹಿಡಿಯುವುದರಿಂದ, ಈಗ ಕಾಣುವ ಹಸುರು ಆಗಲೇ ಕಳೆದ ಹೊತ್ತಿನದು. ಅವಸರದಿಂದ ತಿರುಪನ್ನು ತಿರುಗಿಸಿದವನಿಗೆ ಅದರ ಫಲ ತಿಳಿಯುವ ಮುನ್ನ ಮೀನುಗಳಿಗೆ ತಿಳಿದಿರುತ್ತದೆ. ನೀರಿನಲ್ಲಿ ಇಂಗಾಲಾಮ್ಲ ಅತಿಯಾದಾಗ ಮೀನಿನ ರಕ್ತದಲ್ಲಿರುವುದು ಕಿವಿರಿನ ಮೂಲಕ ಹೊರಹೋಗಲಾರದೆ, ಆಮ್ಲಜನಕ ಸಾಕಷ್ಟಿದ್ದರೂ ಮೀನು ಮೇಲ್ಮೈಗೆ ಬಂದು ಬಾಯಿ ಬಿಡುವುದು.

ಇಷ್ಟು ಎಚ್ಚರ ವಹಿಸಿದವರನ್ನೂ ವಂಚಿಸುವುದು ಸಿಲಿಂಡರಿನ ಅಂತ್ಯಕಾಲ. ಒಳಗೆ ಹನಿ ದ್ರವ ಉಳಿದಿರುವವರೆಗೂ ಒತ್ತಡಮಾಪಕದ ಮುಳ್ಳು ಕದಲುವುದಿಲ್ಲ; ತುಂಬಿದ್ದಕ್ಕೂ ಅರ್ಧ ಬರಿದಾದದ್ದಕ್ಕೂ ಅದೊಂದೇ ಉತ್ತರ. ದ್ರವ ತೀರಿದೊಡನೆ ಮುಳ್ಳು ಕುಸಿಯತೊಡಗುವುದು, ಮತ್ತು ಆಗಲೇ ಒಂದೇ ಹಂತದ ಅಗ್ಗದ ರೆಗ್ಯುಲೇಟರುಗಳಲ್ಲಿ ಹೊರಬರುವ ಒತ್ತಡ ತಗ್ಗುವ ಬದಲು ಏರಿ, ಉಳಿದ ಅನಿಲ ಒಮ್ಮೆಲೆ ತೊಟ್ಟಿಗೆ ನುಗ್ಗುವುದುಂಟು. ಎರಡು ಹಂತದ ರೆಗ್ಯುಲೇಟರು ಈ ಅಪಾಯವನ್ನು ಬಹಳಮಟ್ಟಿಗೆ ತಪ್ಪಿಸುತ್ತದೆ. ಅದು ದುಬಾರಿಯೆನಿಸಿದವರು, ಅಡಿಗೆಯನಿಲದ ಸಿಲಿಂಡರನ್ನು ಮನೆಬಾಗಿಲಲ್ಲಿ ತೂಗಿಸಿ ಪಡೆಯುವಂತೆ, ಇದನ್ನೂ ಆಗಾಗ ತಕ್ಕಡಿಗೇರಿಸಿ, ಬರಿದಾಗುವ ಮೊದಲೇ ತುಂಬಿಸಲು ಕಳುಹಿಸಬೇಕು.