ನೇತ್ರಾಣಿಯ ಒಂದು ಸಂವತ್ಸರ

ಹವಳವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಜ್ಞಾಪಕಕ್ಕೆ ಬರುವುದು ಮಾಂಗಲ್ಯದ ಸರದಲ್ಲಿ ಕರಿಮಣಿಯೊಡನೆ ಕೋದ ಕೆಂಪು ಮಣಿ. ಬಸವನಗುಡಿಯಲ್ಲಿಯೋ ಜಯನಗರದಲ್ಲಿಯೋ ಚಿನಿವಾರರ ಅಂಗಡಿಯಲ್ಲಿ ತೂಗಿ ಕೊಡುವ ಆ ಹವಳಕ್ಕೆ ಹಿಂದಿನಿಂದಲೂ ಮೆಡಿಟರೇನಿಯನ್ ಸಮುದ್ರವೇ ಪ್ರಸಿದ್ಧವಾದ ಆಕರ. ಆದರೆ ನಮ್ಮ ನಾಡಿನ ನೀರಿನಲ್ಲಿಯೂ ಹವಳವುಂಟು. ಅದು ಆಭರಣಕ್ಕೆ ಒದಗುವುದಿಲ್ಲ. ಬಂಡೆಗೆ ಅಂಟಿಕೊಂಡು, ಬಂಡೆಯಂತೆಯೇ ತೋರುತ್ತ ಬಾಳುತ್ತದೆ. ಬೆಂಗಳೂರಿನಿಂದ ಒಂದು ರಾತ್ರಿ ಪ್ರಯಾಣಮಾಡಿ, ಭಟ್ಕಳ ತಾಲ್ಲೂಕಿನ ಮುರುಡೇಶ್ವರವನ್ನು ಸೇರಿ, ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಪಡುವಣಕ್ಕೆ ಸಾಗಿದರೆ ಅದರ ನೆಲೆಯಾದ ನೇತ್ರಾಣಿ ದ್ವೀಪವು ಎದುರಾಗುತ್ತದೆ. ಆಂಗ್ಲ ನಾವಿಕರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು.

ಈ ದ್ವೀಪದ ವರ್ಷವನ್ನು ಯುಗಾದಿಯಿಂದ ಎಣಿಸುವುದು ಸರಿಹೋಗದು. ಅದು ಮುಂಗಾರಿನಿಂದ ಮೊದಲಾಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವುದರಿಂದಲೂ ಕಡಲು ಕೆರಳಿರುವುದರಿಂದಲೂ ಮನುಷ್ಯನು ಆ ಕಡೆ ಸುಳಿಯನು. ಅದು ದ್ವೀಪಕ್ಕೆ ನಿದ್ರೆಯ ಕಾಲವೆಂದು ನಾವು ಭಾವಿಸುವುದುಂಟು. ಆ ಭಾವನೆ ತಪ್ಪು. ಬೀಸುವ ಮಾರುತಗಳು ತೀರದ ಮೇಲ್ನೀರನ್ನು ಹೊರಕ್ಕೆ ನೂಕುತ್ತವೆ. ಅದರ ಸ್ಥಾನಕ್ಕೆ ಆಳದ ತಣ್ಣೀರು ಲವಣಸಾರವನ್ನು ಹೊತ್ತು ಮೇಲೇರುತ್ತದೆ. ಈ ಗೊಬ್ಬರದಿಂದ ಕಣ್ಣಿಗೆ ಕಾಣದ ಪಾಚಿಯೂ, ಅದನ್ನು ತಿನ್ನುವ ಸೂಕ್ಷ್ಮ ಪ್ರಾಣಿಗಳೂ ಅಪಾರವಾಗಿ ಬೆಳೆಯುವುವು. ಹವಳದ ಜೀವಿಗೆ ಎರಡು ಬಗೆಯ ಊಟವುಂಟು. ಬಿಸಿಲಿದ್ದಾಗ ತನ್ನ ಮೈಯೊಳಗೆ ನೆಲೆಸಿರುವ ಪಾಚಿಯು ಬೇಯಿಸಿಕೊಟ್ಟದ್ದನ್ನು ಉಣ್ಣುತ್ತದೆ. ನೀರು ಕದಡಿ ಕತ್ತಲಾದಾಗ ತನ್ನ ಸಣ್ಣ ಕರಬಳ್ಳಿಗಳನ್ನು ಚಾಚಿ ತೇಲಿಬರುವ ಜೀವಿಗಳನ್ನು ಹಿಡಿಯುತ್ತದೆ. ಶರಾವತಿಯಂಥ ನದಿಗಳು ತರುವ ಕೆಸರು ತೀರದ ಬಳಿ ಹವಳವನ್ನು ಮುಚ್ಚಿ ಕೊಲ್ಲುವಷ್ಟಿರುತ್ತದೆ; ನೇತ್ರಾಣಿಯು ದೂರದಲ್ಲಿರುವುದೇ ಅದರ ಪುಣ್ಯ.

ನೂಲಹುಣ್ಣಿಮೆಯಂದು ಕರಾವಳಿಯವರು ಸಮುದ್ರಪೂಜೆ ಮಾಡುವ ವೇಳೆಗೆ ಮಳೆಗಾಲದ ಬೆಳೆ ಸಿದ್ಧವಾಗಿರುತ್ತದೆ. ಬಂಗುಡೆ, ತಾರ್ಲೆಗಳ ಹಿಂಡುಗಳು ಅದನ್ನುಂಡು ಕೊಬ್ಬುತ್ತವೆ. ಹವಳದ ಬಂಡೆಗಳ ಸಮೀಪ ವಾಸಿಸುವ, ಕಡುನೀಲಿಯ ಮೈಯ ಕೆಂಪುಹಲ್ಲಿನ ಮೀನೊಂದು ಮಳೆ ಹಿಂಜರಿದ ಮೇಲೆ ಕೆಲವು ವರ್ಷ ದಂಡಿನಂತೆ ಬಂದು ಬಲೆಗಳನ್ನು ಕಚ್ಚಿ ಹರಿಯುತ್ತದೆ. ಬಲೆ ಕಳೆದುಕೊಂಡವರು ಅದಕ್ಕೆ ‘ಕಾರ್ಗಿಲ್ ಮೀನು’ ಎಂದು ಹೆಸರಿಟ್ಟಿದ್ದಾರೆ! ಶಾಸ್ತ್ರಜ್ಞರ ಲ್ಯಾಟಿನ್ ಹೆಸರಿಗಿಂತ ಇದೇ ನಮಗೆ ಹೆಚ್ಚು ಸಾರ್ಥಕವಾಗಿ ಕಾಣುತ್ತದೆ.

ಮೀನು ತುಂಬಿದೊಡನೆ ಹಕ್ಕಿಯ ಸಂಸಾರ ಆರಂಭವಾಗುವುದು. ಬಿಳಿಹೊಟ್ಟೆಯ ಕಡಲಹದ್ದು ಅಕ್ಟೋಬರಿನಿಂದಾಚೆಗೆ ಎತ್ತರದ ಮರಗಳಲ್ಲಿ ಗೂಡನ್ನು ಸಜ್ಜುಗೊಳಿಸುತ್ತದೆ. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರು ಅಗಲವಾಗುವ ಈ ಪಕ್ಷಿ ವರ್ಷ ವರ್ಷವೂ ಹಳೆಯ ಗೂಡಿಗೇ ಕಡ್ಡಿ ಸೇರಿಸುತ್ತ ಹೋಗುತ್ತದೆ. ಮೀನನ್ನೂ ಕಡಲಹಾವನ್ನೂ ತಂದು ಮರಿಗೆ ಉಣಿಸುತ್ತದೆ. ಇಂಥ ಮರಗಳಿದ್ದ ದ್ವೀಪವನ್ನು ನೌಕಾದಳವು ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು. ಪ್ರಕೃತಿಪ್ರಿಯರು ಅದನ್ನು ಆಕ್ಷೇಪಿಸಿದ್ದು ನ್ಯಾಯವೇ ಎಂದು ನಮ್ಮ ಅಭಿಪ್ರಾಯ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀರು ತಿಳಿಯಾಗುತ್ತದೆ. ಗಿಳಿಮೀನು, ಚಿಟ್ಟೆಮೀನುಗಳನ್ನು ನೋಡಲು ನಗರದ ತರುಣರು ಮುಳುಗುವುದು ಆಗಲೇ. ದೊಡ್ಡ ಮೈಯ, ಸಾಧುಸ್ವಭಾವದ ವೇಲ್ ಶಾರ್ಕ್ ಒಮ್ಮೊಮ್ಮೆ ಕಾಣಿಸಿಕೊಳ್ಳುವುದುಂಟು. ಹವಳದ ತುಣುಕನ್ನು ನೆನಪಿಗೆಂದು ಮುರಿದು ತರಲಾಗದು. 2001ರಿಂದ ಅದಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಬೇಸಗೆ ಏರಿದಂತೆ ಗುಹೆಗಳ ಸರದಿ. ಬಾನಾಡಿಯ ಕುಲದ ಪುಟ್ಟ ಹಕ್ಕಿಗಳು ತಮ್ಮ ಜೊಲ್ಲನ್ನೇ ಗಾರೆಯಾಗಿ ಬಳಸಿ ಕಲ್ಲಿಗೆ ಗೂಡನ್ನು ಅಂಟಿಸುತ್ತವೆ.

ಹವಳಕ್ಕೆ ನಿಜವಾದ ಗಂಡಾಂತರವಿರುವುದು ಈ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ. ವಾಡಿಕೆಯ ಬೇಸಗೆಗಿಂತ ನೀರು ಒಂದು ಡಿಗ್ರಿಯಷ್ಟು ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೆಳ್ಳಗಾದದ್ದೆಲ್ಲ ಸತ್ತದ್ದಲ್ಲ, ಉಪವಾಸ ಬಿದ್ದದ್ದು. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ, ತಡವಾದರೆ ಹವಳ ಸಾಯುತ್ತದೆ. ಇದೇ ಕಡಲಿನ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಅಲ್ಲಿನ ಅಮೀನದೀವಿ ದ್ವೀಪಗಳು 1956ರವರೆಗೆ ಮಂಗಳೂರಿನ ಕಚೇರಿಯ ಆಡಳಿತಕ್ಕೆ ಒಳಪಟ್ಟಿದ್ದವು. ನಮಗೆ ಅವು ತೀರ ಪರಸ್ಥಳವಲ್ಲ. ಆ ನಾಲ್ಕು ವರ್ಷಗಳ ನಡುವಣ ಅಂತರವನ್ನು ಲೆಕ್ಕಹಾಕಿದರೆ 12, 6, 8. ನಿಧಾನವಾಗಿ ಬೆಳೆಯುವ ಗುಂಡುಹವಳವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು; ಸತ್ತದ್ದು ಮತ್ತೆ ಬೆಳೆದು ತುಂಬಲು ಈ ಬಿಡುವು ಸಾಲದು.

ಹೀಗೆ ಮೇ ತಿಂಗಳ ಕೊನೆಯ ದಿನಗಳಲ್ಲಿ ನೇತ್ರಾಣಿಯ ಹವಳವೂ ಘಟ್ಟದ ಕೆಳಗಿನ ರೈತನೂ ಒಂದೇ ಮೋಡವನ್ನು ಕಾಯುತ್ತಿರುತ್ತಾರೆ. ಜೂನ್ ಮೊದಲ ವಾರದಲ್ಲಿ ಅದು ಬಂದರೆ ನೀರು ತಣಿಯತೊಡಗುವುದು. ಆ ವೇಳೆಗೆ ಮುರುಡೇಶ್ವರದ ದೋಣಿಗಳನ್ನು ದಡಕ್ಕೆ ಎಳೆದು ಕಟ್ಟಿರುತ್ತಾರೆ.