ಚೀವಿಯಟ್ ಕೋಟು, ಕರಿ ಕಂಬಳಿ

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳಲ್ಲಿ ಸೂಟು ಹೊಲಿಯುವ ಹಳೆಯ ಟೈಲರುಗಳು ಇನ್ನೂ ಇದ್ದಾರೆ. ಅವರಲ್ಲಿ ಹಿರಿಯರೊಬ್ಬರು ಬಟ್ಟೆಯನ್ನು ಬೆರಳ ನಡುವೆ ಹೊಸಕಿಯೇ ಜಾತಿ ಹೇಳುತ್ತಾರೆ. ‘ಚೀವಿಯಟ್ ಮೈಗೆ ಒರಟು ಸಾರ್, ಆದ್ರೆ ಹಾಕಿದ ಇಸ್ತ್ರಿ ಗೆರೆ ಬಿಡಲ್ಲ’ ಎಂದರು.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಚೀವಿಯಟ್ ಬೆಟ್ಟಗಳ ಕುರಿಯ ಹೆಸರೇ ಈ ಬಟ್ಟೆಗೂ ಬಂದಿದೆ. ಬಿಳಿ ಮುಖ, ನೆಟ್ಟನೆಯ ಕಿವಿ, ತಲೆಗೂ ಕಾಲಿಗೂ ತುಪ್ಪಟವಿಲ್ಲ. ಕೊರೆಯುವ ಗಾಳಿಯಲ್ಲೂ ಬೆಟ್ಟದ ಮೇಲೇ ಬದುಕುವ ಗಟ್ಟಿ ತಳಿ. ಅದರ ಒರಟು ಉಣ್ಣೆಯನ್ನೇ ನೇಯ್ದು, ಒರಟುತನವನ್ನೇ ಗುಣವೆಂದು ಮಾರಿದರು.

1809ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿನ ಹಲಸೂರಿಗೆ ಬ್ರಿಟಿಷರ ದಂಡು ಬಂತು. ಅದರ ಹಿಂದೆಯೇ ಉಣ್ಣೆ ಕೋಟುಗಳೂ ಬಂದವು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ ಮೈಸೂರು ಸೀಮೆಯ ಕುರಿಗಳನ್ನು ಸುಧಾರಿಸಲು ಮೆರಿನೊ ಟಗರುಗಳನ್ನು ತರಿಸಿದ್ದರು. ನಮ್ಮ ತುಪ್ಪಟ ನುಣುಪಾಗಬೇಕೆಂಬುದು ಅವರ ಆಸೆ. ನಮ್ಮ ಕುರಿಗೆ ಆ ನುಣುಪು ಬೇಕಿರಲಿಲ್ಲ ಎಂದೇ ನನ್ನ ನಂಬಿಕೆ.

ಯಾಕೆಂದರೆ ಚೀವಿಯಟ್‌ಗೆ ಸರಿಸಾಟಿ ನಮ್ಮಲ್ಲೇ ಇದೆ: ದಖ್ಖನಿ ಕುರಿ, ಅದರ ತುಪ್ಪಟದಿಂದಾದ ಕರಿ ಕಂಬಳಿ. ಚಳ್ಳಕೆರೆ, ಹಿರಿಯೂರು, ರಾಣೆಬೆನ್ನೂರಿನ ಮೆಡ್ಲೇರಿಯ ಕಡೆ ಕುರುಬರು ವರ್ಷಕ್ಕೆರಡು ಸಲ ತುಪ್ಪಟ ಕತ್ತರಿಸುತ್ತಾರೆ. ಬಿಡಿಸಿ, ಹಿಂಜಿ, ನೂತದ್ದಾದ ಮೇಲೆ ನನಗೆ ಅತಿ ಸೋಜಿಗವೆನಿಸುವ ಕೆಲಸ ಶುರುವಾಗುತ್ತದೆ. ಹುಣಸೆ ಬೀಜವನ್ನು ಅರೆದು ಕುದಿಸಿ ಗಂಜಿ ಮಾಡುತ್ತಾರೆ. ಬೀದಿಯುದ್ದಕ್ಕೂ ಬಿಗಿದ ಹಾಸು ನೂಲಿಗೆ ದೊಡ್ಡ ಕುಂಚದಿಂದ ಅದನ್ನು ಬಳಿದು, ಎಳೆಗಳು ಅಂಟಿಕೊಳ್ಳದಂತೆ ಬಿಡಿಸುತ್ತಾ ಬಿಸಿಲಿಗೆ ಒಣಗಿಸುತ್ತಾರೆ. ಹೀಗೆ ಗಂಜಿ ಕುಡಿದ ಎಳೆ ಗುಂಡಿ ಮಗ್ಗದ ಪೆಟ್ಟಿಗೆ ಹರಿಯುವುದಿಲ್ಲ. ನೇಯ್ದ ಕಂಬಳಿ ಸೋನೆ ಮಳೆಯಲ್ಲಿ ಕೊಪ್ಪೆಯಾಗುತ್ತದೆ, ರಾತ್ರಿ ಹಾಸಿಗೆಯಾಗುತ್ತದೆ, ಕುರುಬರ ದೇವರು ಬೀರಪ್ಪನ ಪೂಜೆಗೆ ಗದ್ದಿಗೆಯಾಗುತ್ತದೆ.

ಈಗ ಕುರಿಗೆ ಬೆಲೆ ಮಾಂಸದಿಂದ. ಉಣ್ಣೆಯಿಲ್ಲದ ನೆಲ್ಲೂರು ಟಗರುಗಳನ್ನು ಹಿಂಡಿಗೆ ಬಿಟ್ಟು ದಖ್ಖನಿ ತಳಿಯೇ ಕರಗುತ್ತಿದೆ. ಸಿಂಥೆಟಿಕ್ ಹೊದಿಕೆಗಳು ಅಗ್ಗ, ಹಗುರ. ಕತ್ತರಿಸಿದ ಕೂಲಿಯೂ ಹುಟ್ಟದೆ ತುಪ್ಪಟವನ್ನು ಬಯಲಲ್ಲೇ ಬಿಟ್ಟು ಬರುವವರಿದ್ದಾರೆ. ಬ್ರಿಟಿಷರು ತಮ್ಮ ಬೆಟ್ಟದ ಕುರಿಯ ಹೆಸರನ್ನು ಬಟ್ಟೆಯ ಮೇಲೆ ಉಳಿಸಿಕೊಂಡರು. ನಮ್ಮ ಕಂಬಳಿಗೆ ಅಂಥ ಮರ್ಯಾದೆ ವೇದಿಕೆಯ ಮೇಲೆ ಗಣ್ಯರ ಹೆಗಲಿಗೆ ಹೊದಿಸುವಾಗ ಮಾತ್ರ.

ಇಂದಿರಾನಗರದ ಅಂಗಡಿಯಲ್ಲಾಗಲಿ, ಊರ ಸಂತೆಯಲ್ಲಾಗಲಿ ಕಂಬಳಿ ಕೊಳ್ಳುವಾಗ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಅದು ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ಬೇಡ ಎನ್ನಿ.